ಹುಲ್ಲುಹಾಸಿನ ಮೇಲಣ ಆಸನ

ಮನೆಯಂಗಳದಲ್ಲಿ ಹುಲ್ಲು ಬೆಳೆಯಿತೆಂದರೆ ಆ ಮನೆ ಹಾಳುಬಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡವೆಂದು ನಂಬಿದ್ದ ಜನ ನಾವು. ಕೃಷ್ಣೆಯ ಮೇಲಣ ಹರಿವಿನ ದಂಡೆಯಲ್ಲಿದ್ದ ಕನ್ನಡಿಗನಾಗಲಿ, ಅದೇ ನದಿಯು ಸಮುದ್ರವನ್ನು ಸಮೀಪಿಸುವ ಬೆಜವಾಡದ ತೆಲುಗನಾಗಲಿ, ಬೆಳಗಾಗುತ್ತಲೇ ಅಂಗಳವನ್ನು ಗುಡಿಸಿ, ಸಗಣಿನೀರು ಚಿಮುಕಿಸಿ, ಇಲ್ಲಿ ರಂಗೋಲಿಯೂ ಅಲ್ಲಿ ಮುಗ್ಗೂ ಬಿಡಿಸುವುದಕ್ಕೆ ತಕ್ಕಂತೆ ನೆಲವನ್ನು ಬೋಳಾಗಿಯೂ ನಯವಾಗಿಯೂ ಇರಿಸಿಕೊಳ್ಳುವುದನ್ನು ಗೃಹಸ್ಥಧರ್ಮದ ಮೊದಲ ಪಾಠವೆಂದೇ ತಿಳಿದಿದ್ದನು. ಹುಲ್ಲಿಗೆ ಸ್ಥಾನವಿದ್ದುದು ಹೊಲದ ಬದುವಿನಲ್ಲಿ, ಬೇಲಿಯ ಬುಡದಲ್ಲಿ, ಗೋಮಾಳದಲ್ಲಿ. ಪೂಜ್ಯತೆಯಿದ್ದುದು ಗರಿಕೆಯೊಂದಕ್ಕೆ, ಅದೂ ವಿನಾಯಕನ ಸನ್ನಿಧಿಯಲ್ಲಿ, 21 ಕುಡಿಗಳ ಲೆಕ್ಕದಲ್ಲಿ. ಹೀಗಿರುವಾಗ, ಬೆಳೆಯಲೆಂದು ನೀರೆರೆದು, ಬೆಳೆದೊಡನೆಯೇ ಕತ್ತರಿಸಿ, ಕತ್ತರಿಸಿದುದನ್ನು ದನಕ್ಕೂ ಹಾಕದೆ ಮೂಲೆಗೆಸೆಯುವ ಹುಲ್ಲುಹಾಸೆಂಬ ವಿಚಿತ್ರ ಕೃಷಿಯು ಆಂಧ್ರದೇಶದ ವಿಶಾಖಪಟ್ಟಣ, ಬೆಜವಾಡಗಳೆಂಬ ಎರಡು ಪಟ್ಟಣಗಳಿಗೆ ಹೇಗೆ ಬಂದಿತು, ಅದನ್ನು ಕತ್ತರಿಸುವ ಕೆಲಸ ಯಾರ ಪಾಲಿಗೆ ಬಿದ್ದಿತು ಎಂಬುದನ್ನು ತುಸು ವಿಚಾರಿಸಿದರೆ, ಇಂದು ಮೇಲೇರಿ ಕುಳಿತು ನಡೆಸುವ ಹುಲ್ಲುಕತ್ತರಿಯ ಯಂತ್ರವೊಂದನ್ನು ಮನೆಗೆ ತರಿಸಬೇಕೆಂದು ಹವಣಿಸುವ ಸಂಪನ್ನ ಗೃಹಸ್ಥನ ಪ್ರಶ್ನೆಗೂ ಒಂದಿಷ್ಟು ಉತ್ತರ ಸಿಕ್ಕೀತು.

ವಿಶಾಖಪಟ್ಟಣದ ಹಳೆಯ ಊರು ಬಂದರಿನ ಬದಿಯ ತಗ್ಗಿನಲ್ಲಿ ಇಕ್ಕಟ್ಟಾಗಿ ಕಟ್ಟಿದುದು. ಅದರ ಉತ್ತರಕ್ಕೆ, ಸಮುದ್ರದ ಗಾಳಿ ನೇರವಾಗಿ ಬಡಿಯುವ ಕೆಮ್ಮಣ್ಣಿನ ದಿಬ್ಬಗಳ ಮೇಲೆ, ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳೂ ಸೈನ್ಯಾಧಿಕಾರಿಗಳೂ ವಾಲ್ತೇರೆಂಬ ಬೇರೆಯೇ ಒಂದು ವಸತಿಯನ್ನು ನಿರ್ಮಿಸಿಕೊಂಡರು. ಹಳೆಯ ಊರಿನಲ್ಲಿ ಮನೆಗೆ ಮನೆ ತಾಗಿದ್ದರೆ, ಇಲ್ಲಿ ಬಂಗಲೆಗೂ ಬಂಗಲೆಗೂ ನಡುವೆ ಎಕರೆಗಟ್ಟಲೆ ಆವರಣ. ಈ ಆವರಣವೇ ಹುಲ್ಲುಹಾಸಿನ ತವರು. ಆರೋಗ್ಯಕ್ಕೆ ಗಾಳಿ ಬೇಕು, ಗೌರವಕ್ಕೆ ಅಂತರ ಬೇಕು, ಆ ಅಂತರವನ್ನು ಬರಿಯ ಧೂಳಾಗಿ ಬಿಡಲಾಗದು ಎಂಬ ಮೂರು ವಿಚಾರಗಳು ಸೇರಿ, ಸ್ವದೇಶದ ಹುಲ್ಲನ್ನು ನೆನೆದು ಕೊರಗುತ್ತಿದ್ದ ಆಂಗ್ಲನನ್ನು ನಮ್ಮ ಬಡ ಗರಿಕೆಯ ಆಶ್ರಯಕ್ಕೆ ತಳ್ಳಿದುವು. ಅವನ ದೇಶದ ನವಿರಾದ ತೃಣಗಳು ಈ ಬಿಸಿಲಿಗೆ ಬದುಕುವವಲ್ಲ. ಗರಿಕೆಯಾದರೋ ನೆಲದ ಮೇಲೂ ನೆಲದ ಒಳಗೂ ಬಳ್ಳಿಯೋಡಿಸಿ, ಗೆಣ್ಣು ಗೆಣ್ಣಿಗೂ ಬೇರುಬಿಟ್ಟು, ವೈಶಾಖದಲ್ಲಿ ಸತ್ತಂತೆ ಒಣಗಿ ಆಷಾಢದ ಮೊದಲ ಮಳೆಗೆ ಮತ್ತೆ ಹಸಿರಾಗುವ ಚಿರಂಜೀವಿ. 1883ರಲ್ಲಿ ವಾಲ್ತೇರ್ ಕ್ಲಬ್ಬು ಸ್ಥಾಪಿತವಾಗಿ ಸಂಜೆಯ ಟೆನಿಸ್ ಅಧಿಕಾರಿವರ್ಗದ ನಿತ್ಯಕರ್ಮದಂತಾಗುವ ಹೊತ್ತಿಗೆ, ಮಟ್ಟಸವಾದ ಹುಲ್ಲೆಂಬುದು ಸರಕಾರಿ ಜೀವನದ ಸಲಕರಣೆಗಳಲ್ಲಿ ಸೇರಿಹೋಗಿದ್ದಿತು.

ಆದರೆ ಈ ಹುಲ್ಲನ್ನು ಕತ್ತರಿಸಿದವರು ಯಾರು? ಮದರಾಸು ಇಲಾಖೆಯಲ್ಲಿ ಕುದುರೆಯೊಂದಕ್ಕೆ ಅದನ್ನು ನೋಡಿಕೊಳ್ಳುವ ಸಯಿಸನೊಬ್ಬ, ಹುಲ್ಲು ತರುವವರೊಬ್ಬರು ಎಂಬುದು ಬಂಗಲೆಯ ಗೃಹಕೃತ್ಯದ ವಾಡಿಕೆಯ ಲೆಕ್ಕವಾಗಿದ್ದಿತು. ಈ ಎರಡನೆಯ ಕೆಲಸ ಅನೇಕ ವೇಳೆ ಸಯಿಸನ ಹೆಂಡತಿಯದು. ಕುದುರೆಗೆ ಗರಿಕೆಗಿಂತ ಪ್ರಿಯವಾದ ಮೇವಿಲ್ಲದ ಕಾರಣ, ಆಕೆ ಕೈಯಗಲದ ಕಬ್ಬಿಣದ ಅಲಗಿನಿಂದ ಅದನ್ನು ಬೇರುಸಹಿತ ಹೆರೆದು, ಮಣ್ಣು ಕೊಡವಿ, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಹುಲ್ಲುಹಾಸಿನ ಕೆಲಸಕ್ಕೆ ಕೂಲಿಗೆ ಬಂದವರೂ ಇಂಥ ಕೈಗಳೇ: ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ಹಿಡಿ ಹುಲ್ಲು, ಬಲಗೈಯಲ್ಲಿ ಕುಡುಗೋಲು, ಮೊಳಕ್ಕೊಂದು ಮೊಳ ಮುಂದೆ ಸರಿಯುತ್ತ, ಮಧ್ಯಾಹ್ನದೊಳಗೆ ಟೆನಿಸಿನ ಅಂಕಣವೊಂದನ್ನು ಬೋಳಿಸಿಬಿಡುವ ಆ ಪಂಕ್ತಿಯನ್ನು ನಮ್ಮ ಸರಕಾರಿ ಉದ್ಯಾನಗಳಲ್ಲಿ ಇಂದಿಗೂ ಕಾಣಬಹುದು. ವೆರಾಂಡದಲ್ಲಿ ಕೈಕುರ್ಚಿಯ ಮೇಲೆ ಯಜಮಾನನೂ ಕುಳಿತಿದ್ದನು, ಬಿಸಿಲಿನಲ್ಲಿ ಹಿಮ್ಮಡಿಯ ಮೇಲೆ ಕೂಲಿಯವಳೂ ಕುಳಿತಿದ್ದಳು. ಎರಡು ಆಸನಗಳ ನಡುವಣ ಈ ದೂರವೇ ನಮ್ಮ ದೇಶದಲ್ಲಿ ಹುಲ್ಲುಕತ್ತರಿ ಯಂತ್ರದ ಗತಿಯನ್ನು ನಿರ್ಧರಿಸಿತೆಂಬುದು ನನ್ನ ಮತ.

ಯಂತ್ರ ಹುಟ್ಟಿದುದು ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ, ಅದೂ ಹುಲ್ಲಿನ ಚಿಂತೆಯಿಂದಲ್ಲ, ಉಣ್ಣೆಯ ಚಿಂತೆಯಿಂದ. ನೆಯ್ದ ಉಣ್ಣೆಬಟ್ಟೆಯ ಮೇಲೆದ್ದ ನಯವಿಲ್ಲದ ಜುಂಗನ್ನು ಸಮನಾಗಿ ಸವರಲು ಆ ಪ್ರಾಂತದ ಗಿರಣಿಗಳಲ್ಲಿ ಅಲಗುಗಳನ್ನು ಸುರುಳಿಯಾಗಿ ಜೋಡಿಸಿದ ಉರುಳೆಯೊಂದನ್ನು ಬಳಸುತ್ತಿದ್ದರು. ಅದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಶಿಲ್ಪಿಯು ಬಟ್ಟೆಗೆ ಸಲ್ಲುವುದು ನೆಲಕ್ಕೇಕೆ ಸಲ್ಲದೆಂದು ಆಲೋಚಿಸಿ, 1830ರಲ್ಲಿ ತನ್ನ ಯಂತ್ರಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಹತ್ತೊಂಬತ್ತು ಅಂಗುಲ ಅಗಲದ, ಕಬ್ಬಿಣದ ಆ ಭಾರವನ್ನು ಹಿಂದಿನಿಂದ ಒಬ್ಬ ನೂಕಬೇಕು. ಬೇಕಾದರೆ ಮುಂದಿನಿಂದ ಇನ್ನೊಬ್ಬ ಎಳೆಯಬೇಕು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯವೂ ಆಕ್ಸ್‌ಫರ್ಡಿನ ಕಾಲೇಜುಗಳೂ ಮೊದಲ ಗಿರಾಕಿಗಳಲ್ಲಿ ಸೇರಿದ್ದುವು. ಹಳ್ಳಿಗಾಡಿನ ಶ್ರೀಮಂತರು ತಾವೇ ಈ ಯಂತ್ರವನ್ನು ನೂಕಿದರೆ ಅವರಿಗೆ ವಿನೋದವೂ ವ್ಯಾಯಾಮವೂ ಒಟ್ಟಿಗೆ ದೊರೆಯುವುವೆಂದು ಬಡ್ಡಿಂಗನು ತನ್ನ ಪತ್ರದಲ್ಲೇ ಆಶೆ ತೋರಿದ್ದನು. ವಾಲ್ತೇರಿನ ಯಾವ ಕಲೆಕ್ಟರನನ್ನಾದರೂ ಜ್ಯೇಷ್ಠಮಾಸದ ಬಿಸಿಲಿನಲ್ಲಿ ಈ ವಿನೋದಕ್ಕೆ ಕರೆದಿದ್ದರೆ ಏನೆನ್ನುತ್ತಿದ್ದನೋ!

ಆ ಯಂತ್ರದ ತಿರುಳು ಇಂದಿಗೂ ಬದಲಾಗಿಲ್ಲವಾದ ಕಾರಣ ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸುರುಳಿಯಾದ ಐದಾರು ಅಲಗುಗಳ ಉರುಳೆಯೊಂದು ಗಾಲಿಯ ಚಲನೆಯಿಂದ ತಿರುಗುತ್ತದೆ; ಅದರ ಕೆಳಗೆ ನೆಲಕ್ಕೆ ಸಮಾನಾಂತರವಾಗಿ ಅಲುಗಾಡದ ಅಲಗೊಂದು ಬಿಗಿದಿರುತ್ತದೆ. ತಿರುಗುವ ಅಲಗು ಹುಲ್ಲಿನ ಎಸಳನ್ನು ಬಾಗಿಸಿ ತಂದು ಸ್ಥಿರವಾದ ಅಲಗಿನ ಅಂಚಿಗೆ ಒಡ್ಡಿದಾಗ ಎರಡರ ನಡುವೆ ಎಸಳು ಕತ್ತರಿಗೆ ಸಿಕ್ಕ ಬಟ್ಟೆಯಂತೆ ತುಂಡಾಗುತ್ತದೆ. ಅನುಭವಿಯಾದ ಮಾಲಿಯು ಕೆಲಸಕ್ಕೆ ಮುನ್ನ ಯಂತ್ರವನ್ನು ಓರೆಮಾಡಿ, ತೆಳುವಾದ ಕಾಗದದ ಚೂರೊಂದನ್ನು ಎರಡು ಅಲಗುಗಳ ನಡುವೆ ಇಟ್ಟು, ಉರುಳೆಯನ್ನು ಬೆರಳು ತಾಗದಂತೆ ಮೆಲ್ಲನೆ ತಿರುಗಿಸುತ್ತಾನೆ. ಕಾಗದ ಈ ತುದಿಯಿಂದ ಆ ತುದಿಯವರೆಗೆ ಚೊಕ್ಕವಾಗಿ ತುಂಡಾದರೆ ಸರಿ, ಮಡಿಸಿಕೊಂಡು ಜಾರಿದರೆ ಆ ಬದಿಯ ತಿರುಪನ್ನು ಕಾಲು ಸುತ್ತು ಬಿಗಿಯುತ್ತಾನೆ. ಇಷ್ಟು ನಾಜೂಕಿನ ಯಂತ್ರಕ್ಕೆ ಒಂದು ಕಲ್ಲು ಸಿಕ್ಕರೆ ಸಾಕು, ಅಲಗು ಹಲ್ಲುಬಿಡುತ್ತದೆ. ವಾಲ್ತೇರಿನ ಕೆಮ್ಮಣ್ಣಿನಲ್ಲಿ ಕಲ್ಲಿಗೇನೂ ಬರಗಾಲವಿಲ್ಲ.

ಅಗಲವಾದ ಯಂತ್ರಕ್ಕೆ ಮನುಷ್ಯಬಲ ಸಾಲದೆ, 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಅರ್ಬ್ರೋತಿನ ಅಲೆಗ್ಸಾಂಡರ್ ಶ್ಯಾಂಕ್ಸನು ತಟ್ಟುಕುದುರೆ ಎಳೆಯುವ ಯಂತ್ರವನ್ನು ಮಾಡಿದನು. ಗೊರಸಿನ ಗುರುತು ಹುಲ್ಲಿನಲ್ಲಿ ಮೂಡಬಾರದೆಂದು ಅಲ್ಲಿಯ ಕುದುರೆಗಳಿಗೆ ಚರ್ಮದ ಪಾದರಕ್ಷೆಗಳನ್ನು ತೊಡಿಸುತ್ತಿದ್ದರು. ಭಾರತಕ್ಕೆ ಬಂದಾಗ ಕುದುರೆಯ ನೊಗಕ್ಕೆ ಎತ್ತು ಬಂದು ನಿಂತಿತು. ಅದು ಸಹಜವೂ ಹೌದು, ಅಗ್ಗವೂ ಹೌದು. ಆಗ್ರೆಯಲ್ಲಿ ಕರ್ಜನ್ನನ ಕಾಲದಲ್ಲಿ ತಾಜಮಹಲಿನ ಮುಂದಣ ನಿಬಿಡವಾದ ಮರಗಳನ್ನು ಕಡಿದು ವಿಲಾಯಿತಿ ಮಾದರಿಯ ಹುಲ್ಲುಹಾಸನ್ನು ಮಾಡಿದ ಮೇಲೆ, ಅದನ್ನು ಎತ್ತು ಎಳೆಯುವ ಯಂತ್ರದಿಂದ ಕತ್ತರಿಸುವ ಪದ್ಧತಿ ಬಹುಕಾಲ ನಡೆದು, ಪ್ರವಾಸಿಗಳ ಛಾಯಾಚಿತ್ರಗಳಿಗೆ ನಿತ್ಯವಸ್ತುವಾಯಿತು. ಮುಂದೆ ಎತ್ತು, ಹಿಂದೆ ಯಂತ್ರ, ಅದರ ಹಿಂದೆ ಹಿಡಿಯನ್ನು ಹಿಡಿದು ನಡೆಯುವ ಆಳು: ಕುಳಿತವರು ಇಲ್ಲಿ ಯಾರೂ ಇಲ್ಲ. ಯಂತ್ರ ಬಂದು ಕೂಲಿಯವಳನ್ನು ಹಿಮ್ಮಡಿಯಿಂದ ಎಬ್ಬಿಸಿ ನಡೆಸಿತೇ ಹೊರತು, ಯಜಮಾನನನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ.

ಇನ್ನು ಬೆಜವಾಡದ, ಎಂದರೆ ಇಂದಿನ ವಿಜಯವಾಡದ, ಮಾತು. ಆ ಪಟ್ಟಣದ ಸಂಪತ್ತು ಬಂದುದು ನೀರಿನಿಂದ ಮತ್ತು ರೈಲಿನಿಂದ. 1855ರ ಹೊತ್ತಿಗೆ ಕೃಷ್ಣೆಗೆ ಅಡ್ಡಲಾಗಿ ಆಣೆಕಟ್ಟು ಮುಗಿದು ಊರಿನ ಮೂಲಕವೇ ಕಾಲುವೆಗಳು ಹರಿದುವು. 1893ರಲ್ಲಿ ನದಿಗೆ ರೈಲುಸೇತುವೆಯಾಗಿ, ಮದರಾಸು, ಕಲ್ಕತ್ತ, ಹೈದರಾಬಾದುಗಳ ದಾರಿಗಳು ಅಲ್ಲಿ ಕೂಡಿಕೊಂಡುವು. ಹಳೆಯ ಆಣೆಕಟ್ಟಿನ ಸ್ಥಾನದಲ್ಲಿ ಪ್ರಕಾಶಂ ಬ್ಯಾರೇಜು ಎದ್ದುದು 1957ರಲ್ಲಿ. ನೀರಿಗೆ ಕೊರತೆಯಿಲ್ಲ, ಮಣ್ಣೋ ನದಿ ತಂದ ಮೆತ್ತನೆಯ ಕರಿಮಣ್ಣು. ಹುಲ್ಲಿಗೆ ಇದಕ್ಕಿಂತ ಬೇರೇನು ಬೇಕು? ಆದರೂ ವಾಲ್ತೇರಿನಂಥ ಬಂಗಲೆಗಳ ನಾಡು ಇಲ್ಲಿ ಬೆಳೆಯಲಿಲ್ಲ. ಸುತ್ತಲೂ ಬೆಟ್ಟ, ಬೇಸಗೆಯಲ್ಲಿ ಆ ಬೆಟ್ಟಗಳ ಬಂಡೆ ಕಾದು ರಾತ್ರಿಯೂ ಉಗುಳುವ ಬಿಸಿ. ಅದಕ್ಕಿಂತ ಮುಖ್ಯವಾಗಿ, ಇದು ವರ್ತಕರ ಊರು, ನೆಲದ ಬೆಲೆ ಬಲ್ಲವರ ಊರು. ಅಲ್ಲಿ ಮನೆಯ ನಿವೇಶನವನ್ನು ಎಣಿಸುವುದು ಚದರ ಗಜದಲ್ಲಿ, ಸೆಂಟಿನಲ್ಲಿ. ಒಂದು ಎಕರೆಗೆ 4,840 ಗಜ, ಒಂದು ಸೆಂಟಿಗೆ ನಲವತ್ತೆಂಟೂ ಚಿಲ್ಲರೆ. ಹೀಗೆ ಗಜಗಜವಾಗಿ ಕೊಂಡ ನೆಲದ ಮೇಲೆ ಕೇವಲ ಕಣ್ಣಿಗಾಗಿ ಹುಲ್ಲು ಬೆಳೆಯಲು ಬಿಡುವ ಮನಸ್ಸು ಯಾವ ವರ್ತಕನಿಗೆ ಬಂದೀತು? ರೈಲ್ವೆಯ ವಸತಿಗಳಲ್ಲಿ, ಸರಕಾರಿ ಅತಿಥಿಗೃಹಗಳಲ್ಲಿ, ಆಟದ ಮೈದಾನಗಳಲ್ಲಿ ಮಾತ್ರ ಹುಲ್ಲು ತನ್ನ ಹಕ್ಕನ್ನು ಉಳಿಸಿಕೊಂಡಿತು.

ಎರಡು ಪಟ್ಟಣಗಳ ಸ್ವಭಾವಭೇದಕ್ಕೆ ಆಂಧ್ರ ವಿಶ್ವವಿದ್ಯಾನಿಲಯದ ಚರಿತ್ರೆ ಒಳ್ಳೆಯ ನಿದರ್ಶನ. 1926ರಲ್ಲಿ ಬೆಜವಾಡದಲ್ಲಿ ಕಣ್ದೆರೆದ ಆ ಸಂಸ್ಥೆ 1930ರಲ್ಲಿ ವಾಲ್ತೇರಿನ ದಿಬ್ಬಗಳಿಗೆ ಸಾಗಿಹೋಯಿತು. ಅದರ ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ ಅವರ ತರುವಾಯ ಬಂದ ರಾಧಾಕೃಷ್ಣನ್ ಅವರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯುವ ಸಂಗತಿ. ಕುಕ್ಕರಹಳ್ಳಿಯ ಕೆರೆಯ ಸುತ್ತಿನ ವಿಸ್ತಾರವನ್ನೂ, 1908ರಲ್ಲಿ ಬರೋಡೆಯಿಂದ ಬಂದು ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತ ಕ್ರುಂಬಿಗಲ್ಲರ ಕೈಚಳಕವನ್ನೂ ಹತ್ತಿರದಿಂದ ಬಲ್ಲ ಇವರಿಗೆ ವಿದ್ಯೆಗೆ ವಿಶಾಲವಾದ ಆವರಣ ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಿಶ್ವವಿದ್ಯಾನಿಲಯ ಬಂದ ಮೇಲೆ, 1933ರಲ್ಲಿ ಬಂದರು ತೆರೆದ ಮೇಲೆ, ಮುಂದೆ ನೌಕಾದಳವೂ ಉಕ್ಕಿನ ಕಾರ್ಖಾನೆಯ ವಸತಿಯೂ ಬೆಳೆದ ಮೇಲೆ, ವಿಶಾಖಪಟ್ಟಣದ ಹುಲ್ಲು ಸಾಹೇಬನ ಸೊತ್ತಾಗಿ ಉಳಿಯದೆ ಸಂಸ್ಥೆಗಳ ಸೊತ್ತಾಯಿತು; ಸಯಿಸನ ಹೆಂಡತಿಯ ಜಾಗಕ್ಕೆ ತಿಂಗಳ ಸಂಬಳದ ಮಾಲಿ ಬಂದನು.

ಇತ್ತ ಪಶ್ಚಿಮದಲ್ಲಿ ಕಥೆ ಬೇರೆಯಾಗಿ ಹರಿಯಿತು. 1902ರಲ್ಲಿ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಸಂಸ್ಥೆಯು ಪೆಟ್ರೋಲಿನಿಂದ ನಡೆಯುವ, ಚಾಲಕನಿಗೆ ಆಸನವಿದ್ದ ಯಂತ್ರವನ್ನು ಮಾರಾಟಕ್ಕೆ ತಂದಾಗ, ಮೊದಮೊದಲು ಕೊಂಡವರಲ್ಲಿ ಬೋರ್ನ್‌ವಿಲ್ಲಿನ ಕ್ಯಾಡ್ಬರಿ ಕಾರ್ಖಾನೆಯೂ ಒಂದು. ಅದು ತನ್ನ ಕಾರ್ಮಿಕರ ಆಟದ ಬಯಲಿಗಾಗಿ. ಹೀಗೆ ಆಸನವು ಹುಟ್ಟಿನಲ್ಲಿ ಸಂಸ್ಥೆಯದೇ. ಅದು ಮನೆಯೊಳಕ್ಕೆ ನುಗ್ಗಿದುದು ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯಲ್ಲಿ. ಪಟ್ಟಣದ ಹೊರಗೆ ಅರ್ಧ ಎಕರೆ, ಎಕರೆಯ ನಿವೇಶನ, ಬೇಲಿಯಿಲ್ಲದೆ ನೆರೆಮನೆಯ ಹುಲ್ಲಿಗೆ ಕೂಡಿಕೊಂಡ ಮುಂದಣ ಹುಲ್ಲು, ಕೂಲಿಯಾಳಿನ ದುರ್ಲಭತೆ, ವಾರಕ್ಕೆ ಎರಡು ದಿನದ ಬಿಡುವು; ಇವೆಲ್ಲ ಕೂಡಿದಾಗ ಗೃಹಸ್ಥನೇ ಯಂತ್ರದ ಮೇಲೇರಿದನು. 1963ರಲ್ಲಿ ಜಾನ್ ಡಿಯರ್ ಸಂಸ್ಥೆಯು, ಹೊಲದ ಟ್ರಾಕ್ಟರನ್ನು ಕುಗ್ಗಿಸಿ ಮಾಡಿದಂತಿದ್ದ 110 ಎಂಬ ತೋಟದ ಟ್ರಾಕ್ಟರನ್ನು ಹೊರತಂದಿತು. ಬಡ್ಡಿಂಗನು ಆಶಿಸಿದ ವಿನೋದ ಕೊನೆಗೂ ಕೈಗೂಡಿತು. ವ್ಯಾಯಾಮ ಮಾತ್ರ ತಪ್ಪಿಹೋಯಿತು.

ನಮ್ಮ ಎರಡು ಪಟ್ಟಣಗಳಿಗೆ ಆಸನ ಬಂದುದು ಕ್ರಿಕೆಟ್ಟಿನ ಮತ್ತು ಗಾಲ್ಫಿನ ಬಾಗಿಲಿನಿಂದ. ವಿಶಾಖಪಟ್ಟಣದ ಮುಡಸರ್ಲೋವ ಜಲಾಶಯದ ಬಳಿಯ ಈಸ್ಟ್ ಪಾಯಿಂಟ್ ಗಾಲ್ಫ್ ಕ್ಲಬ್ಬಿನ ಬಯಲನ್ನು ನೂಕುವ ಯಂತ್ರದಿಂದ ಕತ್ತರಿಸಹೊರಟರೆ ಈ ತುದಿ ಮುಗಿಯುವಷ್ಟರಲ್ಲಿ ಆ ತುದಿ ಬೆಳೆದಿರುತ್ತದೆ. ಕ್ರಿಕೆಟ್ಟಿನ ಲೆಕ್ಕ ಇನ್ನೂ ಸ್ಪಷ್ಟವಾದುದು. ವಿಶಾಖಪಟ್ಟಣದ ಪುರಸಭಾ ಕ್ರೀಡಾಂಗಣದಲ್ಲಿ 1988ರಲ್ಲಿ ನ್ಯೂಜಿಲೆಂಡಿನ ವಿರುದ್ಧ, ವಿಜಯವಾಡದ ಇಂದಿರಾಗಾಂಧಿ ಕ್ರೀಡಾಂಗಣದಲ್ಲಿ 2002ರಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಅಂತರರಾಷ್ಟ್ರೀಯ ಪಂದ್ಯಗಳು ನಡೆದುವು. ವಿಶಾಖಪಟ್ಟಣದ ಪೋತಿನಮಲ್ಲಯ್ಯಪಾಲೆಮಿನ ಹೊಸ ಕ್ರೀಡಾಂಗಣದಲ್ಲಿ 2005ರಲ್ಲಿ ಧೋನಿ ಪಾಕಿಸ್ತಾನದ ವಿರುದ್ಧ 148 ಓಟಗಳನ್ನು ಹೊಡೆದುದನ್ನು ಕೇಳದವರಿಲ್ಲ. ಇಂಥ ಮೈದಾನದ ತ್ರಿಜ್ಯ ಸುಮಾರು 70 ಮೀಟರೆಂದು ಹಿಡಿದರೆ ವಿಸ್ತೀರ್ಣ ನಾಲ್ಕು ಎಕರೆಗೆ ಸಮೀಪಿಸುತ್ತದೆ. ಅರ್ಧ ಮೀಟರು ಅಗಲದ ನೂಕುಯಂತ್ರದಿಂದ ಅದನ್ನು ಒಮ್ಮೆ ಕತ್ತರಿಸುವವನು ಮೂವತ್ತು ಕಿಲೋಮೀಟರಿಗೂ ಮಿಗಿಲಾಗಿ ನಡೆಯಬೇಕು; ಅಂದರೆ ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋದಂತಾಯಿತು. ಮೂರು ಉರುಳೆಗಳನ್ನು ಜೋಡಿಸಿದ, ಸುಮಾರು ಎರಡು ಮೀಟರು ಅಗಲದ ಸವಾರಿಯಂತ್ರಕ್ಕೆ ಇದೇ ಕೆಲಸ ಎಂಟು ಕಿಲೋಮೀಟರಿನ ಓಟ. ಪಿಚ್ಚಿನ ಮೇಲೆ ಮಾತ್ರ ಇಂದಿಗೂ ಮಾಲಿಯು ಕೈಯಂತ್ರದ ಹಿಂದೆ ನಡೆದೇ ಕತ್ತರಿಸುತ್ತಾನೆ. ಅಲ್ಲಿ ಕೆಲವೇ ಮಿಲಿಮೀಟರಿನ ಎತ್ತರಭೇದ ಚೆಂಡಿನ ಗತಿಯನ್ನು ಬದಲಿಸುವುದರಿಂದ ಕಣ್ಣೂ ಕೈಯೂ ನೆಲಕ್ಕೆ ಹತ್ತಿರವಿರಬೇಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಬಡಿದಾಗ ಎರಡು ದಿನದ ಮೇಲಿದ್ದ ಅಂತರರಾಷ್ಟ್ರೀಯ ಪಂದ್ಯ ರದ್ದಾಯಿತು, ಊರಿನ ಮರಗಳು ಲೆಕ್ಕವಿಲ್ಲದೆ ಉರುಳಿದುವು. ಆದರೆ ನೆಲಕ್ಕಂಟಿದ ಗರಿಕೆಯನ್ನು ಯಾವ ಗಾಳಿ ತಾನೇ ಕೀಳಬಲ್ಲುದು?

ವಿಜಯವಾಡದ ವರ್ತಕಬುದ್ಧಿಯೂ ಕಡೆಗೆ ಹುಲ್ಲಿನಲ್ಲಿ ಲಾಭವನ್ನು ಕಂಡುಕೊಂಡಿತು. ಊರ ಹೊರಗಣ ಹೆದ್ದಾರಿಗಳ ಬದಿಯಲ್ಲಿ ಮದುವೆಗೆಂದು ಬಾಡಿಗೆಗೆ ಕೊಡುವ ವಿಶಾಲವಾದ ಹುಲ್ಲುಬಯಲುಗಳಿಗೆ ‘ಲಾನ್ಸ್’ ಎಂದೇ ಫಲಕ. ಸಾವಿರಾರು ಜನರ ಪಾದ, ಪಂದಿರದ ಕಂಬ, ಚೆಲ್ಲಿದ ಸಾರು ಇವೆಲ್ಲವನ್ನೂ ತಾಳಿಕೊಂಡು ಮುಂದಿನ ಮುಹೂರ್ತದೊಳಗೆ ಮತ್ತೆ ಹಸಿರಾಗಿ ಕಾಣಬೇಕಾದ ಈ ನೆಲಕ್ಕೆ ಸವಾರಿಯಂತ್ರ ನಿಜವಾಗಿಯೂ ಸಲ್ಲುತ್ತದೆ. ಅದರ ಮೇಲೆ ಕುಳಿತುಕೊಳ್ಳುವವನು ಸಂಬಳದ ಚಾಲಕ, ಮಾಲಿಕನಲ್ಲ.

ಹಾಗಾದರೆ ಮನೆಯ ಮಾತೇನು? ಇನ್ನೂರು ಗಜದ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಐವತ್ತು ಚದರ ಮೀಟರಿನ ಹಸಿರಿಗೆ ಕೈಯಂತ್ರದ ಹಿಂದೆ ನೂರು ಮೀಟರು ನಡೆದರೆ ಕೆಲಸ ಮುಗಿಯಿತು; ಅದಕ್ಕೆ ಆಸನ ಬಯಸುವುದು ನಗೆಗೀಡು. ಅರ್ಧ ಎಕರೆಯಲ್ಲಿ, ಎಂದರೆ 2,420 ಗಜದಲ್ಲಿ, ನಡಿಗೆ ನಾಲ್ಕು ಕಿಲೋಮೀಟರಾಗುತ್ತದೆ. ಸವಾರಿಯ ಆಲೋಚನೆಗೆ ಅರ್ಥ ಬರುವುದು ಅಲ್ಲಿಂದ ಮೇಲೆ. ಭೀಮುನಿಪಟ್ಟಣದ ದಾರಿಯ ತೋಟದ ಮನೆಗಳಲ್ಲಿ, ಕೃಷ್ಣೆಯ ದಂಡೆಯ ಕೆಲವು ಹಳೆಯ ತೋಟಗಳಲ್ಲಿ ಅಂಥ ವಿಸ್ತಾರ ಉಂಟು. ಅಲ್ಲಿ ಕೊಳ್ಳುವವನು ಅಶ್ವಶಕ್ತಿಯನ್ನು ಕೇಳುವ ಮುನ್ನ ತನ್ನ ನೆಲವನ್ನು ಕೇಳಬೇಕು. ವಿಶಾಖಪಟ್ಟಣದಲ್ಲಿ ಮೊದಲ ಪ್ರಶ್ನೆ ಇಳಿಜಾರಿನದು: ನಾಲ್ಕಡಿಗೆ ಒಂದಡಿಗಿಂತ ತುಸು ಹೆಚ್ಚು ಏರುವ ನೆಲ ಹದಿನೈದು ಡಿಗ್ರಿಯದು, ಅದನ್ನು ಮೀರಿದ ಕಡೆಗೆ ಸವಾರಿಯಂತ್ರವನ್ನು ಒಯ್ಯಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಅದರೊಳಗಿನ ಇಳಿಜಾರಿನಲ್ಲಿಯೂ ನೇರವಾಗಿ ಏರಿ ನೇರವಾಗಿ ಇಳಿಯಬೇಕು, ಅಡ್ಡಲಾಗಿ ಹೋದರೆ ಮಗುಚುವ ಭಯ; ನೂಕುಯಂತ್ರಕ್ಕಾದರೆ ಇದರ ವಿಪರೀತ, ಕಾಲು ಜಾರಿ ಅಲಗಿನ ಕೆಳಗೆ ಸಿಕ್ಕದಿರಲು ಅಡ್ಡಲಾಗಿಯೇ ನಡೆಯಬೇಕು. ನಿಂತಲ್ಲಿಯೇ ಸುತ್ತುತಿರುಗುವ ಹೊಸ ಮಾದರಿಯ ಯಂತ್ರಗಳು ಮಟ್ಟಸವಾದ ನೆಲದಲ್ಲಿ ಮರಗಳ ನಡುವೆ ಸೊಗಸಾಗಿ ನುಸುಳುತ್ತವೆ, ಒದ್ದೆಯಾದ ಇಳಿಜಾರಿನಲ್ಲಿ ಹಿಡಿತ ತಪ್ಪುತ್ತವೆ. ವಾಲ್ತೇರಿನ ದಿಬ್ಬಕ್ಕೆ ಅವನ್ನು ನಾನು ಒಪ್ಪಲಾರೆ.

ವಿಜಯವಾಡದಲ್ಲಿ ಇಳಿಜಾರಿಲ್ಲ, ಮಣ್ಣಿದೆ. ಇನ್ನೂರು ಕಿಲೋಗ್ರಾಮಿನ ಯಂತ್ರ, ಅದರ ಮೇಲೊಬ್ಬ ಮನುಷ್ಯ, ಕೆಳಗೆ ಶ್ರಾವಣದ ಮಳೆಗೆ ನೆನೆದ ಕರಿಮಣ್ಣು. ಗಾಲಿಯ ಪಡಿಯಚ್ಚು ಒಮ್ಮೆ ಮೂಡಿದರೆ ದೀಪಾವಳಿಯವರೆಗೂ ಅಳಿಯುವುದಿಲ್ಲ. ಆದ ಕಾರಣ ಅಲ್ಲಿ ಅಗಲವಾದ ಟೈರಿನ, ಹಗುರವಾದ, ಮೂವತ್ತು ಅಂಗುಲದ ಚಿಕ್ಕ ಸವಾರಿಯಂತ್ರವೇ ಲೇಸು, ಮಳೆ ನಿಂತು ನೆಲ ಬಿಗಿಯುವ ತನಕ ಅದಕ್ಕೂ ರಜೆ ಕೊಡಬೇಕು. ಇನ್ನು ಗೇಟಿನ ಅಗಲವನ್ನು ಅಳೆಯದೆ ಯಂತ್ರ ತರಿಸುವವರೂ ಉಂಟು: ನಲವತ್ತೆರಡು ಅಂಗುಲವೆಂಬುದು ಅಲಗು ಕತ್ತರಿಸುವ ಅಗಲ, ಪಕ್ಕದಲ್ಲಿ ಹುಲ್ಲನ್ನು ಉಗುಳುವ ಬಾಯನ್ನೂ ಸೇರಿಸಿದರೆ ನಾಲ್ಕಡಿಯ ಗೇಟಿನಲ್ಲಿ ಅದು ತೂರುವುದಿಲ್ಲ. ಮನೆಬಳಕೆಯ ಇಂಥ ಯಂತ್ರಗಳಲ್ಲಿ ಹೆಚ್ಚಿನವು ಬಡ್ಡಿಂಗನ ಉರುಳೆಯವಲ್ಲ, ಅಡಿಯಲ್ಲಿ ಗಿರಗಿರನೆ ತಿರುಗುವ ಅಡ್ಡ ಅಲಗಿನವು. ಇವು ಎಸಳನ್ನು ಕತ್ತರಿಸುವುದಕ್ಕಿಂತ ಹೊಡೆದು ತುಂಡರಿಸುತ್ತವೆಯಾದುದರಿಂದ, ಅಲಗನ್ನು ಆಗಾಗ ಬಿಚ್ಚಿ ಸಾಣೆ ಹಿಡಿಸದಿದ್ದರೆ ಗರಿಕೆಯ ತುದಿ ಹರಿದು ಮರುದಿನವೇ ಇಡೀ ಬಯಲು ನಸುಬಿಳುಪಾಗಿ ಕಾಣುತ್ತದೆ. ಎತ್ತರವನ್ನು ಒಂದೂವರೆ ಅಂಗುಲದ ಹತ್ತಿರ ಇಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ ಕತ್ತರಿಸಿದರೆ ಗರಿಕೆ ಒತ್ತಾಗಿ ಹರಡುತ್ತದೆ. ತಿಂಗಳು ಬಿಟ್ಟು ಒಮ್ಮೆಲೇ ಬೋಳಿಸಹೊರಟರೆ ಹಸಿರು ಹೋಗಿ ಕೆಳಗಿನ ಒಣ ಕಡ್ಡಿ ಮಾತ್ರ ಉಳಿಯುತ್ತದೆ. ಕೊರಿಯನ್ ಹುಲ್ಲು ಹಾಕಿದವರಿಗೆ ಈ ಅವಸರವಿಲ್ಲ, ಅದು ನಿಧಾನವಾಗಿ ಬೆಳೆಯುವ ಜಾತಿ. ಆದರೆ ಅದರ ಗಡುಸಾದ ಎಸಳಿಗೆ ಅಲಗು ಬೇಗ ಮೊಂಡಾಗುತ್ತದೆ, ಸಾಣೆಯವನು ಊರಿನಲ್ಲಿ ಇದ್ದಾನೆಯೇ ಎಂಬುದನ್ನು ಯಂತ್ರ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು.